ನಮಗಿಂತ ಮೊದಲು ಹೊರಟ ಉಕ್ಕಿನ ಬಳೆ

ಬಸವಕಲ್ಯಾಣ: ತೊಟ್ಟಿಲ ಕೊಂಡಿ

ನೇಪಾಳಕ್ಕೆ ಹೋಗಿ ಬಂದೆವೆಂದರೆ ಜನ ಮೊದಲು ಕೇಳುವುದು ಹಿಮ ಹೇಗಿತ್ತು ಅಂತ. ಹಿಮ ಚೆನ್ನಾಗಿತ್ತು. ಆದರೆ ನನ್ನ ಎದೆ ಡವಡವ ಹೊಡೆದುಕೊಂಡದ್ದು ಹಿಮಾಲಯದಲ್ಲಿ ಅಲ್ಲ, ನಮ್ಮ ಮನೆಯ ಪಡಸಾಲೆಯಲ್ಲಿ. ದೇಶದ ಗಡಿಯನ್ನು ಸಲೀಸಾಗಿ ದಾಟಿದ ನಾವು ಸ್ವಂತ ಮನೆಯ ಹೊಸ್ತಿಲು ದಾಟಲು ಪಟ್ಟ ಪಾಡನ್ನು ಹೇಳದೆ ಈ ಪ್ರವಾಸದ ಕಥೆ ಹೇಳಲು ಬರುವುದಿಲ್ಲ.

ನನ್ನದು ಬಸವಕಲ್ಯಾಣದ ಪೇಟೆಯಲ್ಲಿ ಕನ್ನಡಕದ ಅಂಗಡಿ. ಹೆಂಡತಿ ಸುವರ್ಣಾ ಹುಮನಾಬಾದಿನ ಔಷಧಿ ಕಾರ್ಖಾನೆಯೊಂದರಲ್ಲಿ ತಪಾಸಣೆಯ ಕೆಲಸದಲ್ಲಿದ್ದಾಳೆ. ಹಿಮ ನೋಡಬೇಕೆಂಬುದು ಅವಳ ಆಸೆ, ಮೋಟರ್ ಸೈಕಲ್ ಮೇಲೆ ಹೋಗಬೇಕೆಂಬುದು ನನ್ನ ಹುಚ್ಚು. ಎರಡೂ ಕೂಡಿ ಬರಲು ಒಂದೇ ಅಡ್ಡಿಯಿತ್ತು. ಕೆಲವು ವರ್ಷಗಳ ಹಿಂದೆ ಜೊತೆ ಕೆಲಸ ಮಾಡುವವಳ ಸ್ಕೂಟರಿನ ಹಿಂದೆ ಕೂತು ಬರುವಾಗ ಹಿಂದಿನ ಗಾಲಿ ಜಾಮಾಗಿ ಸುವರ್ಣಾ ಹೆದ್ದಾರಿಯ ಮೇಲೆ ಬಿದ್ದಿದ್ದಳು. ಮುರಿದ ಮೊಣಕೈ ಕೂಡಿಕೊಂಡಿತು, ಧೈರ್ಯ ಕೂಡಿಕೊಳ್ಳಲಿಲ್ಲ. ಅಂದಿನಿಂದ ಅವಳು ಯಾರ ಗಾಡಿಯ ಹಿಂದೆಯೂ ಕೂತಿರಲಿಲ್ಲ, ನನ್ನದರ ಹಿಂದೆಯೂ.

ಕೊನೆಗೆ ಅವಳೇ ಒಂದು ಕರಾರು ಹಾಕಿದಳು. “ಬರತೇನ್ರಿ. ಆದ್ರ ಹಿಂದಿನ ಗಾಲಿ ನನ್ನ ಕಣ್ಣಮುಂದ ಬಿಚ್ಚಬೇಕು, ನನ್ನ ಕಣ್ಣಮುಂದ ಹಾಕಬೇಕು. ಮೆಕ್ಯಾನಿಕ್ ಬ್ಯಾಡ. ಗುಡ್ಡದಾಗ ಕೆಟ್ಟು ನಿಂತ್ರ ಅಂವ ಬರತಾನೇನು? ಈ ಸಲ ನನ್ನ ಮನಸ್ಸು ಹೆದರಿತಂದ್ರ ಮುಂದ ಯಾವತ್ತೂ ಕೂಡಂಗಿಲ್ಲ, ಮೊದಲ ಹೇಳಿರತೇನಿ.”

ಹೇಗಿದ್ದರೂ ಹಿಂದಿನ ಟಯರು ಸವೆದಿತ್ತು, ಹೊಸದು ಹಾಕಿಸಬೇಕಿತ್ತು. ಹೊರಡುವ ಹಿಂದಿನ ದಿನ ಮಧ್ಯಾಹ್ನ ಗಾಡಿಯನ್ನು ಪಡಸಾಲೆಗೆ ಏರಿಸಿದೆವು. ದೂರ ಪ್ರಯಾಣದ ದಪ್ಪ ಗಾಡಿ, ಡಬಲ್ ಸ್ಟ್ಯಾಂಡ್ ಇಲ್ಲ. ಹಿಂಭಾಗ ಎತ್ತಿ ಹಿಡಿಯುವುದು ಹೇಗೆ? ಮೇಲೆ ತೊಲೆಯಲ್ಲಿ ತೊಟ್ಟಿಲು ಕಟ್ಟುವ ಕಬ್ಬಿಣದ ಕೊಂಡಿ ಕಾಣಿಸಿತು. ನಮ್ಮ ಮನೆಯ ಮಕ್ಕಳೆಲ್ಲ ಅದರ ಕೆಳಗೇ ಮಲಗಿ ಬೆಳೆದವರು. ತೊಟ್ಟಿಲಿನ ಹಳೆಯ ಹಗ್ಗ ತಂದು ಗಾಡಿಯ ಹಿಂಭಾಗಕ್ಕೆ ಸುತ್ತಿ ಕೊಂಡಿಗೆ ಬಿಗಿದೆ.

“ಕೂಸು ತೂಗೂ ಜಾಗಾದಾಗ ಫಟಫಟಿ ತೂಗ್ತೀಯೇನೋ,” ಎಂದಳು ಅಡುಗೆ ಮನೆಯ ಬಾಗಿಲಲ್ಲಿ ನಿಂತ ಅವ್ವ.

ಸುವರ್ಣಾ ನನ್ನ ಹಳೆಯ ಬಿಳಿ ಧೋತರವನ್ನು ನೆಲಕ್ಕೆ ಹಾಸಿದಳು. ಅವಳ ಕಾರ್ಖಾನೆಯಲ್ಲಿ ಯಾವ ಕೆಲಸವನ್ನೂ ಒಬ್ಬರೇ ಮಾಡುವಂತಿಲ್ಲವಂತೆ. ಒಬ್ಬರು ಮಾಡಿ “ಮಾಡೇನಿ” ಅನ್ನಬೇಕು, ಇನ್ನೊಬ್ಬರು ಕಣ್ಣಾರೆ ಕಂಡು “ನೋಡೇನಿ” ಅನ್ನಬೇಕು. ಎರಡೂ ಮಾತು ಬೀಳದೆ ಮುಂದಿನ ಕೆಲಸಕ್ಕೆ ಕೈ ಹಾಕುವ ಹಾಗಿಲ್ಲ. ಬಿಚ್ಚಿದ ಸಾಮಾನು ಬಿಚ್ಚಿದ ಕ್ರಮದಲ್ಲೇ ಧೋತರದ ಮೇಲೆ ಕೂರಬೇಕು ಎಂದು ಅಪ್ಪಣೆಯಾಯಿತು.

ಆಕ್ಸಲ್ಲಿನ ನಟ್ಟು ಜಪ್ಪಯ್ಯ ಅನ್ನಲಿಲ್ಲ. ಪಾನಾದ ಹಿಡಿಗೆ ಉದ್ದನೆಯ ಪೈಪು ತೂರಿಸಿ, ಅದರ ಮೇಲೆ ನನ್ನ ಇಡೀ ದೇಹದ ಭಾರ ಹಾಕಿದೆ. ಕಟ್ ಎಂದಿತು. ನಟ್ಟು ಬಿಟ್ಟಿತೋ ಕೊಂಡಿ ಬಿಟ್ಟಿತೋ ತಿಳಿಯದೆ ಇಬ್ಬರೂ ಮೇಲೆ ನೋಡಿದೆವು. ಬಿಟ್ಟಿದ್ದು ನಟ್ಟು.

“ಮಾಡೇನಿ.”

“ನೋಡೇನಿ.”

ಅವ್ವ ನಕ್ಕಳು. “ಏನದು, ಗಿಣಿ ಮಾತಾಡಿದಂಗ ಮಾಡೇನಿ, ನೋಡೇನಿ.”

ಆಕ್ಸಲ್ಲನ್ನು ಹೊರಗೆಳೆಯುವುದೇ ಕಷ್ಟದ ಕೆಲಸ. ಅದು ಹೊರಬಂದ ಕೂಡಲೇ ಗಾಲಿ ಕೆಳಗೆ ಜಾರುತ್ತದೆ, ಗಾಡಿಯ ಭಾರವೆಲ್ಲ ಹಗ್ಗಕ್ಕೆ ಬೀಳುತ್ತದೆ. ಸುವರ್ಣಾ ಗಾಲಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಎರಡೂ ಕೈಯಿಂದ ಅದನ್ನು ತಬ್ಬಿ ಹಿಡಿದಳು. ನಾನು ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಆಕ್ಸಲ್ಲನ್ನು ಈಚೆ ತಂದೆ. ಕೊನೆಯ ಬೆರಳಿನಷ್ಟು ಉಳಿದಾಗ ಹಗ್ಗ ಕಿರ್ ಎಂದು ಎಳೆದುಕೊಂಡಿತು. ತೊಲೆಯಿಂದ ಮಣ್ಣಿನ ಪುಡಿ ಉದುರಿ ಅವಳ ತಲೆಯ ಮೇಲೆ ಬಿತ್ತು. ಗಾಡಿ ಒಂದು ಸಲ ಆಚೆ, ಒಂದು ಸಲ ಈಚೆ ತೂಗಿತು. ಅವಳ ಕೈ ಅದರ ಕೆಳಗೇ ಇತ್ತು.

“ಕೈ ತಗಿ,” ಎಂದೆ.

“ತಗದ್ರ ಗಾಲಿ ಬ್ರೇಕಿನ ಡಿಸ್ಕಿನ ಮ್ಯಾಲ ಬೀಳತದ. ನೀವು ಎಳೀರಿ.”

ಎಳೆದೆ. ಗಾಲಿ ಅವಳ ಮಡಿಲಿಗೆ ಬಂತು. ಗಾಲಿಗೂ ಅದನ್ನು ಹಿಡಿದಿಡುವ ಕಬ್ಬಿಣದ ತೋಳಿಗೂ ನಡುವೆ ಕೂರುವ ಉಕ್ಕಿನ ಬಳೆಯೊಂದು ಠಣ್ ಎಂದು ನೆಲಕ್ಕೆ ಬಿದ್ದು ಉರುಳಿತು. ಮೆಕ್ಯಾನಿಕ್‌ಗಳು ಅದಕ್ಕೆ ಬುಶ್ ಅನ್ನುತ್ತಾರೆ. ಗ್ರೀಸ್ ಮೆತ್ತಿದ ಆ ಬಳೆಯನ್ನು ಸುವರ್ಣಾ ಧೋತರದ ಮೇಲೆ ಅದರ ಜಾಗದಲ್ಲಿಟ್ಟಳು. ನಾನು ಸುತ್ತಿಗೆ ಕೆಳಗಿಟ್ಟು ಹಗ್ಗದ ಗಂಟನ್ನು ಇನ್ನೊಮ್ಮೆ ಬಿಗಿದೆ.

ಅವ್ವನ ತಕರಾರು ಬೇರೆಯೇ ಇತ್ತು. ನಾಳೆ ಸೂರ್ಯ ಮೂಡುವ ಮುಂಚೆ ಹೊರಡಲು ಒಳ್ಳೆಯ ಗಳಿಗೆ, ಆಮೇಲೆ ವಾರವಿಡೀ ಸರಿಯಿಲ್ಲ ಎಂದು ಅವಳು ಯಾರಲ್ಲೋ ಕೇಳಿಕೊಂಡು ಬಂದಿದ್ದಳು. ಹೊಸ ಟಯರು ಹಾಕಲು ಒಯ್ದ ಗಾಲಿಯನ್ನು ಟಯರಿನವನು ಬೆಳಿಗ್ಗೆ ಅಂಗಡಿ ತೆರೆದ ಮೇಲಷ್ಟೇ ಕೊಡುತ್ತಾನೆ ಎಂದೆ.

“ಬಸವಕಲ್ಯಾಣದಾಗ ಕೂತು ಮುಹೂರ್ತ ನೋಡ್ತೀ ಅಲ್ಲವ್ವ,” ಎಂದು ಕೆಣಕಿದೆ.

“ಶರಣರು ದೊಡ್ಡವರು. ನಾ ನಿನ್ನ ಹಡದಾಕಿ,” ಎಂದಳು. ಆಮೇಲೆ ಮಾತೇ ಆಡಲಿಲ್ಲ. ಅವ್ವ ಸುಮ್ಮನಾದಳೆಂದರೆ ಏನೋ ನಡೆಸಿದ್ದಾಳೆ ಎಂದೇ ಅರ್ಥ. ಇದು ನನಗೆ ಗೊತ್ತಿರಬೇಕಿತ್ತು.

ಬಸವಕಲ್ಯಾಣ: ಧೋತರದ ಮೇಲಿನ ಕಲೆ

ಮರುದಿನ ಬೆಳಿಗ್ಗೆ ಹೊಸ ಟಯರಿನ ಗಾಲಿ ಬಂತು. ಗಾಡಿ ರಾತ್ರಿಯಿಡೀ ತೂಗಿಕೊಂಡು ನಿದ್ದೆ ಮಾಡಿದಂತಿತ್ತು. ಗಾಲಿಯನ್ನು ತೋಳುಗಳ ನಡುವೆ ಸೇರಿಸಿ ಆಕ್ಸಲ್ ತೂರಿಸಿದೆ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಹೋಯಿತು. ನನಗೆ ಕೋಡು ಮೂಡಿತು. ನಿನ್ನೆ ಇಷ್ಟು ಸತಾಯಿಸಿದ್ದು ಇವತ್ತು ಎಷ್ಟು ಸುಲಭ ನೋಡು ಎಂದು ಸುವರ್ಣಾಗೆ ಹೇಳಿಯೂ ಬಿಟ್ಟೆ. ನಟ್ಟು ಬಿಗಿಯಲು ಪಾನಾ ಎತ್ತಿಕೊಂಡೆ.

“ನಿಲ್ರಿ.” ಅವಳು ಧೋತರದ ಮೇಲೆ ಬಗ್ಗಿದ್ದಳು. ಸಾಮಾನುಗಳೆಲ್ಲ ಗಾಡಿಗೆ ಸೇರಿ ಬಟ್ಟೆ ಬರಿದಾಗಿತ್ತು. ಪ್ರತಿಯೊಂದೂ ತನ್ನ ಗ್ರೀಸಿನ ಕಲೆ ಬಿಟ್ಟು ಹೋಗಿತ್ತು. ಅವಳು ಒಂದು ದುಂಡನೆಯ ಕಲೆಯ ಮೇಲೆ ಬೆರಳಿಟ್ಟಳು. “ಇಲ್ಲಿಂದು ಯಾವಾಗ ಹಾಕಿದ್ರಿ?”

ನಾನು ಹಾಕಿರಲಿಲ್ಲ. ಅವಳು ನೋಡಿರಲಿಲ್ಲ. ಗಾಲಿಯನ್ನು ಅಲ್ಲಾಡಿಸಿದರೆ ಅದು ಆಕ್ಸಲ್ಲಿನ ಮೇಲೆ ಎಡಕ್ಕೂ ಬಲಕ್ಕೂ ಸರಿದಾಡಿತು. ಸಲೀಸಾಗಿ ಕೂತದ್ದು ನನ್ನ ಕೈಗುಣದಿಂದಲ್ಲ, ಬಳೆಯೇ ಇಲ್ಲದ್ದರಿಂದ. ಹಾಗೆಯೇ ಬಿಗಿದು ಹೋಗಿದ್ದರೆ ಎಲ್ಲೋ ಒಂದು ಇಳಿಜಾರಿನಲ್ಲಿ ಗಾಲಿ ಪಕ್ಕಕ್ಕೆ ವಾಲಿ ಜಾಮಾಗುತ್ತಿತ್ತು. ಸುವರ್ಣಾ ಎದ್ದು ಗೋಡೆಗೆ ಒರಗಿ ನಿಂತಳು. ಅವಳ ಬಲಗೈ ತಾನಾಗಿಯೇ ಎಡ ಮೊಣಕೈಯನ್ನು ಹಿಡಿದುಕೊಂಡಿತ್ತು. ಹಿಮಾಲಯ ಇಲ್ಲೇ ಮುಗಿಯಿತು ಅಂದುಕೊಂಡೆ.

ಹುಡುಕಿದೆವು. ಮಂಚದ ಕೆಳಗೆ, ನೀರಿನ ಹಂಡೆಯ ಹಿಂದೆ, ಚಪ್ಪಲಿಗಳೊಳಗೆ. ಇಲಿ ಒಯ್ದಿರಬಹುದೇ ಎಂದೂ ಯೋಚಿಸಿದೆ, ಗ್ರೀಸು ತಿನ್ನುವ ಇಲಿ ಇದ್ದರೆ. ಅವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು.

“ಏನು ಹುಡುಕಾಕತ್ತೀರಿ?”

“ಒಂದು ಬಳಿ ಅವ್ವ. ಉಕ್ಕಿಂದು, ದುಂಡಗ.”

“ಅದೇನು? ಅದು ಆಗ್ಲೇ ಹೋತಲ್ಲ,” ಎಂದಳು ಮೊರದಿಂದ ಕಣ್ಣೆತ್ತದೆ. “ಬೆಳಗಾಗೂದ್ರಾಗ ಪ್ರಸ್ಥಾನ ಕಳಸೇನಿ. ಹುಮನಾಬಾದಿಗೆ, ನನ್ನ ತಂಗಿ, ನಿಮ್ಮ ಮೌಶಿ ಮನಿಗೆ.”

ಹೊರಡಲು ಗೊತ್ತಾದ ಗಳಿಗೆಗೆ ಹೊರಡಲಾಗದಿದ್ದರೆ, ಪ್ರಯಾಣದ ವಸ್ತುವೊಂದನ್ನು ಆ ಗಳಿಗೆಗೆ ಸರಿಯಾಗಿ ಮನೆಯಿಂದ ಹೊರಡಿಸಿ ಹೋಗುವ ದಾರಿಯಲ್ಲಿರುವವರ ಮನೆಯಲ್ಲಿ ಇಡುವುದು ನಮ್ಮ ಕಡೆಯ ಹಳೆಯ ಪದ್ಧತಿ. ಅದಕ್ಕೇ ಪ್ರಸ್ಥಾನ ಅನ್ನುವುದು. ವಸ್ತು ಹೊರಟಿತೆಂದರೆ ಮನುಷ್ಯ ಹೊರಟಂತೆಯೇ ಲೆಕ್ಕ. ಜನ ಸಾಮಾನ್ಯವಾಗಿ ಒಂದು ಶಲ್ಯವನ್ನೋ ಚೀಲವನ್ನೋ ಇಡುತ್ತಾರೆ. ಅವ್ವ ವಿಚಾರ ಮಾಡಿದ್ದಳು. ಹೋಗುವುದು ಗಾಡಿಯ ಮೇಲೆ, ಹಾಗಾಗಿ ಗಾಡಿಯದೇ ಏನಾದರೂ ಹೋಗಬೇಕು. ಧೋತರದ ಮೇಲೆ ಸಾಲಾಗಿ ಜೋಡಿಸಿಟ್ಟದ್ದರಲ್ಲಿ ಬಳೆಯ ಆಕಾರದ್ದೇ ಶುಭವೆಂದು ಕಂಡಿತು. ಎದುರು ಮನೆಯ ಬಶೀರ್ ಚಾಚಾ ನಸುಕಿನಲ್ಲಿ ತಮ್ಮ ಬೇಕರಿಯ ಬನ್ನು, ಟೋಸ್ಟು ಹೇರಿಕೊಂಡು ಟೆಂಪೋದಲ್ಲಿ ಹುಮನಾಬಾದಿಗೆ ಹೋಗುತ್ತಾರೆ. ಅವರ ಕೈಯಲ್ಲಿ ಕೊಟ್ಟು ಕಳಿಸಿದ್ದಳು.

“ನಾ ಬಸ್ಸಿನಾಗ ಹೋಗಿ ತರತೇನಿ,” ಎಂದೆ.

ಅವ್ವ ಮೊರ ಕೆಳಗಿಟ್ಟಳು. “ಇಟ್ಟ ಪ್ರಸ್ಥಾನ ತಿರುಗಿ ಹೊಸ್ತಿಲ ದಾಟಿ ಬರಬಾರದು. ಬಂದ್ರ ಹೋದವರು…” ಅವಳ ಮುಖದಲ್ಲಿ ಹಟವಿರಲಿಲ್ಲ, ಭಯವಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ಲೇತಿನವನ ಹತ್ತಿರ ಹೊಸ ಬಳೆ ಮಾಡಿಸುತ್ತೇನೆ ಎಂದೆ. ಅಂದಾಜಿನ ಬಳೆಯ ಮೇಲೆ ತಾನು ಕೂರುವುದಿಲ್ಲ ಎಂದಳು ಸುವರ್ಣಾ. ಹಾಗಾದರೆ ಬಳೆಯನ್ನು ಜೇಬಿನಲ್ಲಿಟ್ಟುಕೊಂಡು ಹಿತ್ತಿಲ ಬಾಗಿಲಿಂದ ತರುತ್ತೇನೆ, ಅವ್ವನಿಗೆ ಗೊತ್ತೇ ಆಗುವುದಿಲ್ಲ ಎಂದು ಪಿಸುಗುಟ್ಟಿದೆ. ಅವಳು ನನ್ನನ್ನು ದಿಟ್ಟಿಸಿದಳು. ಅತ್ತೆಯ ಮೇಲೆ ಹರಿಹಾಯುತ್ತಾಳೆ, ಆಮೇಲೆ ನನ್ನ ಮೇಲೆ, ಆಮೇಲೆ ಚೀಲ ಬಿಚ್ಚಿ ಬಟ್ಟೆ ಮಡಚಿಡುತ್ತಾಳೆ ಎಂದು ಕಾದೆ.

“ತರೂದು ಬ್ಯಾಡ್ರಿ,” ಎಂದಳು. “ನಮ್ಮ ಕಾರ್ಖಾನ್ಯಾಗೂ ಒಮ್ಮೆ ಹೊರಗ ಹೋದ ಮಾಲ ಅದೇ ಬಾಗಲಿಂದ ಒಳಗ ಬರಂಗಿಲ್ಲ. ಬಂದ್ರ ಎಲ್ಲಾ ಕೆಟ್ಟಂಗ.” ಆಮೇಲೆ ಅವ್ವನ ಕಡೆ ತಿರುಗಿದಳು. “ಅತ್ತಿ, ಬಳಿ ಬರೂದು ಬ್ಯಾಡ. ಗಾಡೀನ ಅದರ ಕಡೆ ಹೋಗ್ಲಿ.”

ಅವ್ವನೂ ಕಾರ್ಖಾನೆಯೂ ಒಂದೇ ಪಕ್ಷ ಸೇರಿದ ಮೇಲೆ ಕನ್ನಡಕದ ಅಂಗಡಿಯವನಿಗೆ ಮಾತೇನು ಉಳಿದಿತ್ತು?

ಹೆದ್ದಾರಿ: ಟೆಂಪೋದ ಬೆನ್ನ ಮೇಲೆ

ಬಶೀರ್ ಚಾಚಾ ವಾಪಸು ಬಂದು ಹಿಟ್ಟು ತರಲು ಮತ್ತೆ ಹುಮನಾಬಾದಿಗೆ ಹೊರಟಿದ್ದರು. ನಡೆದದ್ದನ್ನು ಕೇಳಿ ತಲೆಯ ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

“ಯಾ ಅಲ್ಲಾ, ನಾ ಗಾಲೀದ ಜಾನ್, ಜೀವಾನ ಒಯ್ದೇನೇನು? ಅಕ್ಕಾ ದೇವರದು ಅಂದ್ರು, ನಾ ಸೀಟಿನ ಮ್ಯಾಲ ಇಟಗೊಂಡು ಅದಬಿಂದ, ಮರ್ಯಾದಿಲೆ ಒಯ್ದೆ.”

ನಟ್ಟನ್ನು ಕೈಯಿಂದ ತಿರುಗಿಸಿ ಕೂರಿಸಿ, ಸಡಿಲ ಗಾಲಿಯ ಗಾಡಿಯನ್ನು ಹಲಗೆಯ ಮೇಲೆ ತಳ್ಳಿ ಟೆಂಪೋಕ್ಕೆ ಏರಿಸಿದೆವು. ಅರ್ಧ ಏರಿದಾಗ ಹಲಗೆ ಜಾರಿತು. ಚಾಚಾ ಭುಜ ಕೊಟ್ಟು ತಡೆಯದಿದ್ದರೆ ಗಾಡಿಯೂ ನಾನೂ ಚರಂಡಿಯಲ್ಲಿ ಇರುತ್ತಿದ್ದೆವು. ತೊಟ್ಟಿಲಿನ ಹಗ್ಗದಿಂದಲೇ ಗಾಡಿಯನ್ನು ಎರಡೂ ಬದಿಗೆ ಕಟ್ಟಿ, ನಾನು ಒಂದು ಪಕ್ಕ, ಸುವರ್ಣಾ ಇನ್ನೊಂದು ಪಕ್ಕ ಹಿಡಿದು ಕೂತೆವು. ಅವ್ವ ಹೊಸ್ತಿಲಲ್ಲಿ ನಿಂತು ಕೈಯೆತ್ತಿದಳು. ನೇಪಾಳಕ್ಕೆ ಹೊರಟ ಸವಾರರು ಬನ್ನಿನ ಘಮದೊಳಗೆ ಗಾಡಿಯನ್ನೇ ಹೊತ್ತುಕೊಂಡು ಹೊರಟಿದ್ದನ್ನು ಓಣಿಯೆಲ್ಲ ನೋಡಿತು.

ಸಸ್ತಾಪುರ ಬಂಗ್ಲಾ ದಾಟಿ ಹೆದ್ದಾರಿಗೆ ಬಂದ ಮೇಲೆ ನಗು ನಿಂತಿತು. ಪಕ್ಕದಲ್ಲಿ ಕಾರ್ಖಾನೆಗಳ ಟ್ಯಾಂಕರುಗಳು ಹಾದುಹೋದಾಗಲೆಲ್ಲ ಟೆಂಪೋ ನಡುಗುತ್ತಿತ್ತು. ಆ ನಡುಕಕ್ಕೆ ಆಕ್ಸಲ್ಲಿನ ನಟ್ಟು ತಾನಾಗಿಯೇ ತಿರುಗತೊಡಗಿತು. ಸುವರ್ಣಾ ಅದನ್ನು ಬೆರಳಿಂದ ಒತ್ತಿ ಹಿಡಿದಳು.

“ನಟ್ಟು ಅದ ಏನು?” ಎಂದು ನಾನು ಈಚೆಯಿಂದ ಕೂಗುತ್ತಿದ್ದೆ.

“ಅದರಿ.”

ಅವಳು ಬಿದ್ದ ಜಾಗ ಇದೇ ರಸ್ತೆಯಲ್ಲಿತ್ತು. ಆ ಜಾಗ ಸಮೀಪಿಸಿದಂತೆ ಅವಳು ಕಣ್ಣು ಮುಚ್ಚಿಕೊಳ್ಳುತ್ತಾಳೇನೋ ಎಂದು ನೋಡಿದೆ. ಅಷ್ಟರಲ್ಲಿ ಕಬ್ಬಿನ ಟ್ರಾಕ್ಟರೊಂದು ಅಡ್ಡ ಬಂತು. ಚಾಚಾ ಬ್ರೇಕ್ ಒತ್ತಿದರು. ನನ್ನ ಕಡೆಯ ಗಂಟು ಬಿಚ್ಚಿ ಹೋಯಿತು. ಗಾಡಿ ಇಡಿಯಾಗಿ ಸುವರ್ಣಾಳ ಮೇಲೆ ವಾಲಿತು.

ಜಾರುತ್ತಿದ್ದ ಹಗ್ಗವನ್ನು ಹಿಡಿದು ಹಿಂದಕ್ಕೆ ಎಳೆದೆ, ಅಂಗೈ ಸುಲಿಯಿತು. ಅವಳು ಗಾಡಿಗೆ ಭುಜ ಕೊಟ್ಟು, ಮುರಿದು ಕೂಡಿದ ಅದೇ ಮೊಣಕೈಯನ್ನು ಟೆಂಪೋದ ಪಟ್ಟಿಗೆ ಊರಿ ಹಿಡಿದಿದ್ದಳು. ಟೆಂಪೋ ನಿಂತಿತು. ಚಾಚಾ ಓಡಿ ಬಂದರು, ಮೂವರೂ ಸೇರಿ ಗಾಡಿಯನ್ನು ನೆಟ್ಟಗೆ ಮಾಡಿದೆವು.

“ಮೊಣಕೈ?” ಎಂದೆ.

“ನಟ್ಟು ಅದ,” ಎಂದಳು. ಅವಳ ಬೆರಳು ಇನ್ನೂ ಅದರ ಮೇಲೇ ಇತ್ತು.

ಹುಮನಾಬಾದ್: ಮೌಶಿಯ ಜಗಲಿ

ಮೌಶಿ ಎಂದರೆ ಅವ್ವನ ತಂಗಿ, ಕಾಳುಕಡಿ ಮಾರುವ ಅಡತಿ ಬಜಾರಿನ ಹಿಂದಿನ ಓಣಿಯಲ್ಲಿ ಅವಳ ಮನೆ. ಬಳೆ ದೇವರ ಜಗಲಿಯ ಮೇಲೆ ಹಳದಿ ಅರಿವೆಯಲ್ಲಿ ಕೂತಿತ್ತು. ಜೊತೆಗೆ ಅಕ್ಕಿಕಾಳು, ಅಡಿಕೆ, ಅರಿಶಿಣದ ಕೊಂಬು. ಒಳಗೂ ಹೊರಗೂ ಕುಂಕುಮ ಹಚ್ಚಿ ಪೂಜೆಯೂ ಆಗಿತ್ತು.

ಸುವರ್ಣಾ ಸೀಮೆಎಣ್ಣೆಯನ್ನೂ ಹಳೆಯ ಬಟ್ಟೆಯನ್ನೂ ಕೇಳಿದಳು. ಮೌಶಿ ಹೌಹಾರಿದಳು. “ಹಚ್ಚಿದ ಕುಂಕುಮ ಒರಸ್ತಾರೇನವ್ವ?”

“ಒಳಗ ಒಂದು ಕಾಳು ಅಕ್ಕಿ ಉಳದ್ರೂ ಗಾಲಿ ಕೆಡತದ ಮೌಶಿ.”

ಸ್ವಲ್ಪ ಹೊತ್ತು ಇಬ್ಬರೂ ಬಳೆಯನ್ನು ಆ ಕಡೆ ಈ ಕಡೆ ಹಿಡಿದುಕೊಂಡೇ ನಿಂತರು. ಒಳಮೈಯೆಲ್ಲ ಒರೆಸುವುದು, ಹೊರಗಿನ ಒಂದು ಬೊಟ್ಟು ಹಾಗೇ ಬಿಡುವುದು ಎಂದು ರಾಜಿಯಾಯಿತು.

ಮೌಶಿಯ ಅಂಗಳದಲ್ಲಿ ಟೆಂಪೋದ ಜಾಕಿನ ಮೇಲೆ ಗಾಡಿಯನ್ನು ಎತ್ತಿ ನಿಲ್ಲಿಸಿ, ಗಾಲಿಯನ್ನು ಎರಡನೇ ಸಲ ಬಿಚ್ಚಿದೆ. ಈ ಸಲ ಬಳೆ ಇದ್ದುದರಿಂದ ಅದು ಸುಲಭವಾಗಿ ಕೂರಲಿಲ್ಲ. ಒತ್ತಿದರೆ ಬಳೆ ಬೀಳುತ್ತಿತ್ತು, ಬಳೆ ಹಿಡಿದರೆ ಗಾಲಿ ಜಾರುತ್ತಿತ್ತು. ಜಾಕು ಒಮ್ಮೆ ಪಕ್ಕಕ್ಕೆ ಹೊರಳಿದಾಗ ಚಾಚಾ ಗಾಡಿಯನ್ನು ತಬ್ಬಿ ಹಿಡಿದರು. ಬೆವರು ಕಣ್ಣಿಗಿಳಿದು ಏನೂ ಕಾಣದಾದಾಗ ಆಕ್ಸಲ್ ಮೆಲ್ಲಗೆ ಆಚೆ ಬದಿಯಲ್ಲಿ ತಲೆ ಹಾಕಿತು. ನಟ್ಟು ಬಿಗಿದೆ. ಗಾಲಿ ಅಲ್ಲಾಡಲಿಲ್ಲ.

“ಹಾಕೇನಿ.”

ಸುವರ್ಣಾ ನೆಲಕ್ಕೆ ಮುಖ ಹಚ್ಚಿ, ಬೆಳಕು ಬಿಟ್ಟು ನೋಡಿದಳು. ತೋಳಿನ ಸಂದಿಯಲ್ಲಿ ಕೆಂಪು ಬೊಟ್ಟು ಕಾಣುತ್ತಿತ್ತು.

“ನೋಡೇನಿ.”

“ನಾನೂ ನೋಡೇನಿ,” ಎಂದಳು ಮೌಶಿ.

ನಾನು ಗಾಡಿ ಶುರು ಮಾಡಿದೆ. ಹಿಂದೆ ತಿರುಗಿ ನೋಡುವ ಧೈರ್ಯವಿರಲಿಲ್ಲ. ತುಂಬ ಹೊತ್ತು ಏನೂ ಆಗಲಿಲ್ಲ. ಆಮೇಲೆ ಗಾಡಿಯ ಹಿಂಭಾಗ ಮೆತ್ತಗೆ ಕುಸಿಯಿತು, ನನ್ನ ಅಂಗಿಯನ್ನು ಎರಡು ಮುಷ್ಟಿಗಳು ಹಿಡಿದವು. ಬೀದರ ದಾಟುವವರೆಗೂ ಆ ಮುಷ್ಟಿಗಳು ಸಡಿಲಲಿಲ್ಲ. ನನಗಾದ ಸಂತೋಷವನ್ನು ಹೇಳಲಿಕ್ಕೆ ಹೋದರೆ ಅವಳು ಇಳಿದುಬಿಟ್ಟಾಳೆಂದು ಸುಮ್ಮನಿದ್ದೆ.

ನೇಪಾಳ: ಗುಡ್ಡದ ಮನೆ

ನೇಪಾಳದ ಗುಡ್ಡಗಳಲ್ಲಿ ಜನ ಯಾವುದಕ್ಕೂ ಅವಸರ ಮಾಡುವುದಿಲ್ಲ. ಬಿಸ್ತಾರೈ, ಬಿಸ್ತಾರೈ ಅನ್ನುತ್ತಾರೆ, ಅಂದರೆ ನಿಧಾನ, ನಿಧಾನ. ನಮ್ಮಲ್ಲಿ ಗಾಡಿ ಕೆಟ್ಟರೆ ಸುತ್ತ ನಿಂತವರೆಲ್ಲ ಒಂದೊಂದು ಸಲಹೆ ಕೊಡುತ್ತಾರೆ. ಅಲ್ಲಿ ಮೊದಲು ಚಹಾ ಕೊಡುತ್ತಾರೆ.

ಒಂದು ತಿರುವಿನಲ್ಲಿ ಹಿಂದಿನ ಟಯರಿಗೆ ಮೊಳೆ ಹೊಕ್ಕಿತು. ರಸ್ತೆ ಬದಿಯ ಮನೆಯಾಕೆ ನಮ್ಮನ್ನು ಅಂಗಳಕ್ಕೆ ಕರೆದಳು. ಗಾಡಿಯ ಹಿಂಭಾಗವನ್ನು ಕಟ್ಟಿಗೆಯ ರಾಶಿಗೆ ಆನಿಸಿ ಗಾಲಿ ಬಿಚ್ಚಿದೆವು, ಅದೇ ಧೋತರದ ಮೇಲೆ ಸಾಮಾನು ಇಟ್ಟೆವು. ಆ ಮನೆಯಲ್ಲಿ ಒಬ್ಬ ಮುದುಕಿಯಿದ್ದಳು. ಎಲ್ಲರೂ ಆಕೆಯನ್ನು ಆಮಾ, ಅಂದರೆ ಅವ್ವ, ಅನ್ನುತ್ತಿದ್ದರು. ಪಂಕ್ಚರ್ ಹಚ್ಚುವವರೆಗೂ ಆಕೆ ಧೋತರದ ಪಕ್ಕದಲ್ಲೇ ಕೂತು ಸಾಮಾನುಗಳನ್ನು ನೋಡುತ್ತಿದ್ದಳು. ಗಾಲಿ ಸಿದ್ಧವಾದಾಗ ಧೋತರದ ಕಡೆ ತಿರುಗಿದೆ. ದುಂಡನೆಯ ಕಲೆ ಇತ್ತು, ಬಳೆ ಇರಲಿಲ್ಲ. ಆಮಾ ಕೂಡ ಇರಲಿಲ್ಲ.

ಮೋಡ ಇಳಿಯುತ್ತಿತ್ತು, ಮುಂದಿನ ಊರು ಎಷ್ಟು ದೂರವೋ ತಿಳಿಯದು. ಇಲ್ಲಿಯೂ ಪ್ರಸ್ಥಾನವೇ? ಯಾವ ಭಾಷೆಯಲ್ಲಿ ಕೇಳುವುದು? ಆಮಾ ಒಳಗಿನಿಂದ ಒಂದು ತಟ್ಟೆ ಹಿಡಿದು ಬಂದಳು. ತಟ್ಟೆಯ ಮೇಲೆ ಬಟ್ಟೆ ಮುಚ್ಚಿತ್ತು. ನಾನು ಆ ಬಟ್ಟೆಗೆ ಕೈ ಹಾಕಿಯೇಬಿಟ್ಟೆ.

ಕೆಳಗಿದ್ದದ್ದು ಮೊಸರಿನಲ್ಲಿ ಕಲಸಿದ ಕೆಂಪು ಅಕ್ಕಿ. ಹೊರಟವರ ಹಣೆಗೆ ಅದನ್ನು ಹಚ್ಚಿ ಕಳಿಸುವುದು ಅವರ ರೂಢಿ. ಆಮಾ ನನ್ನ ಆತುರಕ್ಕೆ ಬಾಯ್ತುಂಬ ನಕ್ಕಳು. ಸುವರ್ಣಾ ಎಡಗೈ ಎತ್ತಿ ತೋರಿಸಿದಳು. ಬಳೆ ಅವಳ ಎರಡು ಬೆರಳುಗಳಿಗೆ ಸೇರಿಕೊಂಡಿತ್ತು.

“ಕೆಳಗ ಇಡಲಿಕ್ಕ ಮನಸ್ಸಾಗ್ಲಿಲ್ರಿ,” ಎಂದಳು.

ಆಮಾ ಅವಳ ಹಣೆಗೆ ಅಕ್ಕಿ ಒತ್ತಿದಳು. ಗಾಲಿ ಹಾಕಿ ಹೊರಟ ಮೇಲೆ, ಮುಂದಿನ ಇಳಿಜಾರಿನಲ್ಲಿ ಮೋಡ ಸರಿದು ಹಿಮದ ಸಾಲು ಕಂಡಿತು. ಅಂಗಿಯ ಹಿಡಿತ ಬಿಟ್ಟು ಎರಡೂ ಕೈ ಚಾಚಿ ಅವಳು ಅದನ್ನು ತೋರಿಸಿದಾಗ, ನಾನು ಹಿಮ ನೋಡದೆ ಕನ್ನಡಿಯಲ್ಲಿ ಅವಳನ್ನೇ ನೋಡಿದೆ.

ಬಸವಕಲ್ಯಾಣ: ಹೊಸ್ತಿಲು

ವಾಪಸು ಬಂದ ಸಂಜೆ ಅವ್ವ ಬಾಗಿಲಲ್ಲೇ ಇದ್ದಳು. ಮೊದಲಿಗಿಂತ ಸೊರಗಿದ್ದಳು. ನಾವು ಹೋದಾಗಿನಿಂದ ಅವಳು ಹೊಟ್ಟೆ ತುಂಬ ಉಂಡಿಲ್ಲ ಎಂದು ಬಶೀರ್ ಚಾಚಾ ಆಮೇಲೆ ಹೇಳಿದರು. ಹಿಮ ಹೇಗಿತ್ತು ಅಂತ ಅವಳು ಕೇಳಲಿಲ್ಲ. ಗಾಡಿಯ ಹತ್ತಿರ ಬಂದು, ಸೊಂಟ ಹಿಡಿದು ಬಗ್ಗಿ, ಧೂಳು ಮೆತ್ತಿದ ಹಿಂದಿನ ಗಾಲಿಯ ಸಂದಿಗೆ ಕಣ್ಣು ಹಚ್ಚಿದಳು. ಸೆರಗಿನಿಂದ ಒರೆಸಿ ಮತ್ತೆ ನೋಡಿದಳು. ಕುಂಕುಮದ ಬೊಟ್ಟು ಮಾಸಿ ಕಂದಾಗಿತ್ತು, ಆದರೆ ಇತ್ತು.

ಸುವರ್ಣಾ ಹಿಂದಿನ ಸೀಟಿನಿಂದ ಇಳಿದಳು.

“ಬಂದೇವಿ ಅತ್ತಿ,” ಎಂದಳು.

ಅವ್ವ ನೆಟ್ಟಗಾಗಿ, ಅವಳ ಮೊಣಕೈ ಸವರಿ, ನನ್ನ ಮುಖವನ್ನೂ ಒಮ್ಮೆ ನೋಡಿದಳು.

“ನೋಡೇನಿ,” ಎಂದಳು.